ಹೆಡ್‌ಫೋನಿನೊಳಗಿನ ಗುಡುಗು

ಜೂನ್ 4, ಬುಧವಾರ

ಸ್ಟುಡಿಯೋ ಇವತ್ತು ಮತ್ತೆ ಬಾಗಿಲು ತೆರೆಯಿತು. ರೆಕಾರ್ಡಿಂಗ್ ಬೂತಿಗೆ ಹಾಕಿದ್ದ ಸೀಲನ್ನು ಪೊಲೀಸರು ನಿನ್ನೆ ಕಿತ್ತರು. ಹಳೇ ಕಾರ್ಪೆಟ್ ಎಸೆದು ಹೊಸದು ಹಾಸಿದ್ದಾರೆ, ಗೋಂದಿನ ವಾಸನೆ ಮೂಗಿಗೆ ಹೊಡೆಯುತ್ತೆ. ಭಾವ ಎಲ್ಲರನ್ನೂ ಕೂರಿಸಿಕೊಂಡು, ಆಗಬಾರದ್ದು ಆಗಿಹೋಯ್ತು, ಇನ್ನು ಬಾಕಿ ಸಿನಿಮಾಗಳ ಡಬ್ಬಿಂಗ್ ಮುಗಿಸೋಣ ಅಂದರು. ಒಂದು ಜೀವ ಹೋದದ್ದಕ್ಕೆ ಇಷ್ಟೇ ಮಾತು. ಕರೆಂಟ್ ಹೋಗಿ ಬಂದಿದ್ದರೂ ಇದಕ್ಕಿಂತ ಜಾಸ್ತಿ ಮಾತಾಡುತ್ತಿದ್ದರು.

ನಿದ್ದೆ ಹತ್ತುತ್ತಿಲ್ಲ. ಅಕ್ಕನ ಹತ್ತಿರ ಹೇಳಿಕೊಂಡರೆ ಭಾವನಿಗೆ ಹೋಗುತ್ತೆ, ಭಾವನ ಹತ್ತಿರ ಹೇಳಿಕೊಳ್ಳೋದಂತೂ ಇಲ್ಲ, ಸ್ಟುಡಿಯೋ ಅವರದು, ನಾನಿರುವ ಮಹಡಿ ಕೋಣೆ ಅವರದು. ಅದಕ್ಕೇ ಬರೆಯುತ್ತಿದ್ದೇನೆ.

ಸತ್ತವನನ್ನು ನಾವೆಲ್ಲ ಗುಡುಗು ಅಂತಲೇ ಕರೆಯುತ್ತಿದ್ದದ್ದು. ಕಡ್ಡಿ ಪೈಲ್ವಾನನ ಮೈ, ಬಾಯಿ ತೆರೆದರೆ ಮಾತ್ರ ಗಾಜು ನಡುಗಬೇಕು. ಸಿನಿಮಾದ ಕೇಡಿಗಳಿಗೆಲ್ಲ ಅವನದೇ ದನಿ. ಕಳೆದ ವಾರ ಮಟಮಟ ಮಧ್ಯಾಹ್ನ ಯಾರೋ ಹಿಂದಿನಿಂದ ಬಂದು ಮೈಕ್ ಸ್ಟ್ಯಾಂಡಿನ ಕಬ್ಬಿಣದ ಬುಡದಲ್ಲಿ ಅವನ ತಲೆಗೆ ಹೊಡೆದರು. ಕೂಡಲೇ ಸಾಯಲಿಲ್ಲ. ನರಳಿದ್ದು ಬಾಗಿಲ ಸಂದಿಯಿಂದ ಕೇಳುತ್ತಲೇ ಇತ್ತು. ನಾನು ಊಟ ಮುಗಿಸಿ ಬಂದು ಹೊರಗಿನ ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದೆ, ಕ್ಲೀನಿಂಗ್‌ನವಳು ನೆಲ ಒರೆಸುತ್ತಿದ್ದಳು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅದು ಉರಿಯುವಾಗ ಯಾರೂ ಬಾಗಿಲು ಮುಟ್ಟೋದಿಲ್ಲ. ಇಲ್ಲಿಗೆ ಬಂದ ಮೊದಲ ದಿನ ಕಲಿಯೋದೇ ಅದು, ಮನೆಗೆ ಬೆಂಕಿ ಬಿದ್ದರೂ ಮೊದಲು ದೀಪ ನೋಡುವ ಜನ ನಾವು. ರೆಕಾರ್ಡಿಂಗ್ ನಡೀತಿದೆ, ಸಾಯುವ ಸೀನ್ ಇರಬೇಕು ಅಂದುಕೊಂಡೆವು. ಇವತ್ತು ಚೆನ್ನಾಗಿ ಸಾಯ್ತಿದಾನೆ ಅಂತ ಕೂಡ ನಾನು ಅಂದೆ.

ಕೊನೆಗೆ ಬಾಗಿಲು ತೆಗೆದದ್ದು ಗೇಟಿನ ವಾಚ್‌ಮನ್ ಮಾಮ. ಗೇಟಿಗೆ ನಿಮ್ಮ ಬೈಕ್ ಅಡ್ಡ ಇದೆ, ತೆಗೀರಿ ಅಂತ ಅವನಿಗೆ ಹೇಳೋಕೆ ಮೇಲೆ ಬಂದವರು. ದೀಪ ಗೀಪ ಅವರಿಗೇನು ಗೊತ್ತು, ದಡಾರನೆ ನುಗ್ಗಿದರು, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಗಿಕೊಂಡರು. ಅವರ ಅಂಗಿ ತುಂಬಾ ರಕ್ತ. ಹಿಂದಿನ ದಿನ ಅದೇ ಬೈಕಿನ ವಿಷಯಕ್ಕೆ ಇಬ್ಬರಿಗೂ ಜಗಳ ಬೇರೆ ಆಗಿತ್ತು. ಪೊಲೀಸರಿಗೆ ಇನ್ನೇನು ಬೇಕು, ಮಾಮನನ್ನು ಎಳೆದುಕೊಂಡು ಹೋದರು.

ಜೂನ್ 6, ಶುಕ್ರವಾರ

ನನಗೆ ತಲೆ ಕೆಟ್ಟಿದೆ, ಇಲ್ಲಾ ಇದು ನಿಜ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಕಂಟ್ರೋಲ್ ರೂಮಿನಲ್ಲಿ ಕೂತೆ. ಗಾಜಿನಾಚೆ ಬೂತ್ ಖಾಲಿ. ಮೈಕ್ ಸರಿ ಇದೆಯಾ ನೋಡೋಣ ಅಂತ ಹೆಡ್‌ಫೋನ್ ಹಾಕಿಕೊಂಡೆ. ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಆ ದನಿ.

"ಸತ್ತದ್ದು ಹೇಗಿತ್ತು ಮೇಡಂ? ಓಕೆನಾ, ಇನ್ನೊಂದ್ಸಲಾನಾ?"

ಬದುಕಿದ್ದಾಗ ನಾವು ಆಡಿದ್ದ ಮಾತೇ ಅಷ್ಟು. ಗಾಜಿನ ಈಚೆಯಿಂದ ನಾನು ಇನ್ನೊಂದ್ಸಲ ಅನ್ನೋದು, ಆಚೆಯಿಂದ ಅವನು ಹಲ್ಲು ಕಚ್ಚಿಕೊಂಡು ಮತ್ತೆ ಹೇಳೋದು. ಬೆನ್ನ ಹಿಂದೆ ನನಗೆ ಇನ್ನೊಂದ್ಸಲ ಮೇಡಂ ಅಂತಲೇ ಹೆಸರಿಟ್ಟಿದ್ದನಂತೆ. ಯಾವುದೋ ಹಳೇ ರೆಕಾರ್ಡಿಂಗ್ ಓಡುತ್ತಿದೆ ಅಂತ ಕಂಪ್ಯೂಟರ್ ಆರಿಸಿದೆ. ದನಿ ಹೋಗಲಿಲ್ಲ. ಮೈಕಿನ ವೈರ್ ಕಿತ್ತೆ. ಹೋಗಲಿಲ್ಲ. ಹೆಡ್‌ಫೋನ್ ತೆಗೆದರೆ ಇಲ್ಲ, ಹಾಕಿದರೆ ಇದಾನೆ. ಹೆದರಿಕೆಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು ನಕ್ಕ, ಕಿವಿ ಹರಿದು ಹೋಗೋ ಹಾಗೆ, ವಾಲ್ಯೂಮ್ ಗುಂಡಿ ಕಾಲು ಭಾಗಕ್ಕೆ ಇಳಿಸಬೇಕಾಯ್ತು.

ಜೂನ್ 7, ಶನಿವಾರ

ಇದಾನೆ.

ಜೂನ್ 10, ಮಂಗಳವಾರ

ಹೊಡೆದವರು ಯಾರು ಅಂತ ಅವನಿಗೇ ಗೊತ್ತಿಲ್ಲ. ಬೆನ್ನು ತಿರುಗಿಸಿ ನಿಂತಿದ್ದೆ ಅಂತಾನೆ. ಆ ದಿನ ಯಾಕೆ ಬಂದಿದ್ದು ಅನ್ನೋದೂ ಮರೆತಿದೆ, ಅವತ್ತು ಅವನ ರೆಕಾರ್ಡಿಂಗೇ ಇರಲಿಲ್ಲ. ನೆನಪು ಮಾಡ್ಕೋ ಅಂತ ಪೀಡಿಸಿದೆ. ತುಂಬಾ ಹೊತ್ತಿನ ಮೇಲೆ ಒಂದು ಸಿಕ್ಕಿತು. ಯಾರ ಮೇಲೋ ವಿಪರೀತ ಸಿಟ್ಟು ಬಂದಿತ್ತು, ಜಗಳಕ್ಕೇ ಬಂದಿದ್ದೆ ಅಂದ. ಅಷ್ಟು ಹೇಳಿದ್ದೇ ದನಿ ಸಣ್ಣಗಾಯ್ತು. ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದ ಮೇಲೆಯೇ ಸರಿಯಾಗಿ ಕೇಳಿದ್ದು. ಒಂದೊಂದು ನೆನಪಾದಾಗಲೂ ಮೈಮೇಲಿನ ಮೂಟೆ ಇಳಿದ ಹಾಗಾಗುತ್ತಂತೆ. ಎಲ್ಲ ನೆನಪಾದರೆ ಹೊರಟುಬಿಡ್ತೀನೇನೋ ಅಂದ, ಏನೋ ಊರಿಗೆ ಹೋಗಿ ಬರೋನ ಹಾಗೆ.

ನಾನು ಎದ್ದು ಹೊರಡುವ ಮುಂಚೆ ಕೇಳಿದ, ಬಾಗಿಲು ತೆಗೆದದ್ದು ವಾಚ್‌ಮನ್ ಮಾಮ ತಾನೇ, ಹೇಗಿದಾರೆ ಅಂತ. ಚೆನ್ನಾಗಿದಾರೆ, ಗೇಟಿನ ಹತ್ತಿರವೇ ಇದಾರೆ ಅಂದೆ. ಸತ್ತವನ ತಲೆಗೆ ಯಾಕೆ ಇನ್ನೊಂದು ಚಿಂತೆ ಹಚ್ಚೋದು.

ಜೂನ್ 12, ಗುರುವಾರ

ಮಾಮನ ಹೆಂಡತಿ ಬಂದು ಸ್ಟುಡಿಯೋ ಮೆಟ್ಟಿಲ ಮೇಲೆ ಕೂರೋಕೆ ಶುರು ಮಾಡಿದಾಳೆ. ಗಲಾಟೆ ಇಲ್ಲ, ಅಳು ಇಲ್ಲ, ಸುಮ್ಮನೆ ಕೂರೋದು, ಒಳಗೆ ಹೋಗೋರ ಮುಖ ನೋಡೋದು. ನನ್ನನ್ನು ನಿಲ್ಲಿಸಿ ಹೇಳಿದಳು, ಅತ್ತೆ ಹಾಸಿಗೆ ಹಿಡಿದಿದಾರಂತೆ, ಡಾಕ್ಟರು ಕೈಬಿಟ್ಟಿದಾರಂತೆ. ಮಗ ಎಲ್ಲಿ ಅಂತ ಗಳಿಗೆಗೊಂದು ಸಲ ಕೇಳ್ತಾರಂತೆ. ಡ್ಯೂಟಿ ಮೇಲೆ ಹೋಗಿದಾರೆ ಅಂತ ಇವಳು ಹೇಳ್ತಾ ಇದಾಳೆ. "ನಿಮಗೇನಾದ್ರೂ ಗೊತ್ತಿದ್ರೆ ಹೇಳಿ ಮೇಡಂ, ಮುದುಕಿ ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಮುಖ ತೋರಿಸಬೇಕು" ಅಂದಳು. ಗೊತ್ತಾದ್ರೆ ಹೇಳ್ತೀನಮ್ಮ ಅಂದೆ.

ಮಧ್ಯಾಹ್ನ ಠಾಣೆಯಿಂದ ಒಬ್ಬ ಬಂದು ನನ್ನ ಹೇಳಿಕೆ ಬರೆದುಕೊಂಡ. ರೆಕಾರ್ಡಿಂಗ್ ನಡೀತಿತ್ತು, ಅದಕ್ಕೆ ಒಳಗೆ ಹೋಗಲಿಲ್ಲ ಅಂದೆ. ಎಲ್ಲರೂ ಅದನ್ನೇ ಹೇಳಿದಾರೆ ಅಂತ ಬರೆದುಕೊಂಡು ಹೋದ. ಅವನು ಮೆಟ್ಟಿಲಿಳಿಯುವಾಗ ನನಗೆ ಹೊಳೆಯಿತು. ರೆಕಾರ್ಡಿಂಗ್ ಮಾಡೋಳು ನಾನು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಹಾಗಾದರೆ ಒಳಗೆ ರೆಕಾರ್ಡಿಂಗ್ ಮಾಡುತ್ತಿದ್ದದ್ದು ಯಾರು?

ದೀಪದ ಸ್ವಿಚ್ ಇರೋದು ಕಂಟ್ರೋಲ್ ರೂಮಿನಲ್ಲಿ. ಊಟಕ್ಕೆ ಹೋಗುವಾಗ ನಾನೇ ಆ ರೂಮಿಗೆ ಬೀಗ ಹಾಕಿದ್ದೆ. ಬೀಗದ ಕೈ ಒಂದು ನನ್ನ ಹತ್ತಿರ, ಇನ್ನೊಂದು ಭಾವನ ಹತ್ತಿರ. ಕೆಂಪು ದೀಪ ನೋಡಿ ಭಾವನೇ ಒಳಗಿದಾರೆ ಅಂದುಕೊಂಡೇ ತಾನೇ ನಾನು ನಿರಾಳವಾಗಿ ಕೂತಿದ್ದು? ಅವರು ಮಾತ್ರ, ತಾವು ಆ ಹೊತ್ತಿಗೆ ಊರಾಚೆ ಇದ್ದದ್ದಾಗಿ ಪೊಲೀಸರಿಗೆ ಬರೆಸಿದಾರೆ. ಅಂದರೆ ಹೊಡೆದು, ಯಾರೂ ಬಾಗಿಲು ತೆಗೆಯದಿರಲಿ ಅಂತ ದೀಪ ಹಾಕಿ, ಕಂಟ್ರೋಲ್ ರೂಮಿಗೆ ಮತ್ತೆ ಬೀಗ ಹಾಕಿಕೊಂಡು ಹಿಂದಿನ ಮೆಟ್ಟಿಲಿಂದ ಇಳಿದು ಹೋಗಿದಾರೆ. ನಮ್ಮನ್ನು ಬಲ್ಲವರು ಮಾತ್ರ ಮಾಡೋ ಕೆಲಸ ಅದು.

ವೈರ್ ಎಲ್ಲಾದರೂ ತಗುಲಿ ದೀಪ ತಾನಾಗೇ ಹೊತ್ತಿರಲೂಬಹುದು. ಹಳೇ ವೈರಿಂಗ್. ದುಡುಕಬಾರದು. ಅಕ್ಕನ ಸಂಸಾರದ ಪ್ರಶ್ನೆ. ನಾಳೆ ನೋಡೋಣ.

ಜೂನ್ 16, ಸೋಮವಾರ

ಬೆಳಿಗ್ಗೆ ಬೇಗ ಹೋಗ್ತೀನಿ, ಊಟದ ಹೊತ್ತಲ್ಲೂ ಕಂಟ್ರೋಲ್ ರೂಮಲ್ಲೇ ಇರ್ತೀನಿ. ಮೇಡಂ ಹೋಗಿ ನೀನು ಆಗಿದೆ. ಇಷ್ಟು ವರ್ಷ ಗಾಜಿನ ಆಚೆ ಈಚೆ ಕೂತು ಏನು ಮಾಡ್ತಿದ್ವೋ ನಾವು. ನನ್ನ ಮುಖ ನೋಡೋಕೆ ಧೈರ್ಯ ಇರಲಿಲ್ಲವಂತೆ, ಗುಂಡಿ ಮೇಲಿನ ನನ್ನ ಬೆರಳು ನೋಡಿಕೊಂಡು ಡೈಲಾಗ್ ಹೇಳುತ್ತಿದ್ದನಂತೆ. ಅದಕ್ಕೇ ಸಾರ್ ಅಷ್ಟು ತಪ್ಪು ಮಾಡುತ್ತಿದ್ದದ್ದು ಅಂದೆ. ಇಲ್ಲ, ನೀನು ಇನ್ನೊಂದ್ಸಲ ಅನ್ನಲಿ ಅಂತ ತಪ್ಪು ಮಾಡುತ್ತಿದ್ದೆ ಅಂದ. ಎಂಥಾ ಕಳ್ಳ ನೋಡು.

ಇಷ್ಟು ಸಿನಿಮಾದಲ್ಲಿ ಒಂದೇ ಒಂದು ಪ್ರೀತಿಯ ಮಾತು ಅವನ ಪಾಲಿಗೆ ಬಂದಿರಲಿಲ್ಲ. ಕೊಲ್ತೀನಿ, ಸುಡ್ತೀನಿ, ಎತ್ತಾಕ್ಕೊಂಡು ಹೋಗ್ತೀನಿ, ಇದೇ. ಇವತ್ತು ನಾನು ಹೊಸ ಸಿನಿಮಾದ ಹಾಳೆ ಹಿಡಿದು ಹೀರೋ ಮಾತುಗಳನ್ನು ಓದಿ ಹೇಳಿದೆ, ಅವನು ನನಗೆ ತಿರುಗಿ ಹೇಳಿದ. ಅಂಥ ಒರಟು ದನಿಯಲ್ಲಿ ಆ ಮಾತು ಕೇಳಿ ಮೊದಲು ನಗು ಬಂತು, ಆಮೇಲೆ ಕಣ್ಣು ತುಂಬಿತು. ನನಗೆ ಅವನ ಮೇಲೆ ಜೀವ. ಬರೆದೇಬಿಟ್ಟೆ, ಯಾರು ಓದ್ತಾರೆ.

ಅಕ್ಕ ಊಟಕ್ಕೆ ಕರೆಯೋಕೇ ಮರೆತಿದ್ದಾಳೆ. ಕೆಳಗಿಳಿದು ಹೋದರೆ, ಅಯ್ಯೋ ನೀನು ಮನೇಲಿದ್ಯಾ ಅಂದಳು.

ಜೂನ್ 19, ಗುರುವಾರ

ಇನ್ನೊಂದು ನೆನಪಾಯ್ತು ಅವನಿಗೆ, ನಾನು ಕೇಳದೇ ಇದ್ದರೂ. ಪೆಟ್ರೋಲ್ ಬಂಕಿನಲ್ಲಿ ಬೈಕ್ ನಿಲ್ಲಿಸಿದಾಗ ರೇಡಿಯೋದಲ್ಲಿ ಒಂದು ಜಾಹೀರಾತು ಬಂತಂತೆ. ದನಿ ಅವನದು, ಮಾತು ಅವನು ಆಡಿದ್ದಲ್ಲ. ಯಾರೋ ಅವನ ದನಿಯನ್ನು ಕಂಪ್ಯೂಟರಿಗೆ ಕಲಿಸಿ ಮಾರಿಕೊಂಡಿದಾರೆ. "ನಾಳೆ ನಾನು ಸತ್ತರೂ ನನ್ನ ದನಿ ಕೈಲಿ ದುಡಿಸ್ತಾರೆ ಅಂತ ಸಿಟ್ಟು ಬಂತು. ಕೇಳೋಣ ಅಂತ ಸೀದಾ ಇಲ್ಲಿಗೆ ಬಂದೆ. ಯಾರನ್ನ ಕೇಳೋಕೆ ಬಂದೆ?"

ಇವನ ರೆಕಾರ್ಡಿಂಗ್ ಎಲ್ಲ ಇರೋದು ಭಾವನ ಕಂಪ್ಯೂಟರಿನಲ್ಲಿ. ಅದೆಲ್ಲ ಬಿಡು, ನಿನ್ನ ಮೊದಲನೇ ಸಿನಿಮಾ ಕಥೆ ಹೇಳು ಅಂದೆ. ಹೇಳಿದ, ಪಾಪ. ಗುಂಡಿ ಮುಕ್ಕಾಲಿಗೆ ಬಂದಿದೆ.

ಜೂನ್ 23, ಸೋಮವಾರ

ವಾಚ್‌ಮನ್ ಮಾಮನ ತಾಯಿ ನಿನ್ನೆ ತೀರಿಕೊಂಡರಂತೆ. ಮಗನನ್ನು ಬಿಡಲಿಲ್ಲವಂತೆ. ಪಾಪ.

ಇವತ್ತು ಗುಡುಗು ಭಾರಿ ಖುಷಿಯಲ್ಲಿದ್ದ. ನನ್ನ ನಡಿಗೆ, ನಾನು ಮೂಗು ಮುರಿಯೋದು, ಎಲ್ಲಾ ಅಣಕಿಸಿ ಹೇಳಿದ. ಅವನಿಗೆ ಏನೂ ನೆನಪಾಗದಂತೆ ಮಾತು ತಿರುಗಿಸೋ ವಿದ್ಯೆ ಈಗ ನನಗೆ ಕರಗತವಾಗಿದೆ.

ನನ್ನ ಗಂಟಲು ಕಟ್ಟಿದೆ ಅನ್ನಿಸುತ್ತೆ. ಟೀ ಅಂಗಡಿಯಲ್ಲಿ ಕೂಗಿ ಕೂಗಿ ಸಾಕಾಯ್ತು, ಆತ ನನ್ನ ಹಿಂದಿದ್ದವನಿಗೆ ಕೊಟ್ಟ. ಬ್ಯಾಂಕಿನಲ್ಲಿ ತಾನಾಗೇ ತೆರೆಯೋ ಗಾಜಿನ ಬಾಗಿಲು ನಾನು ಹೋದರೆ ತೆರೆಯಲೇ ಇಲ್ಲ, ಬೇರೆ ಯಾರೋ ಬಂದ ಮೇಲೆ ಅವರ ಬೆನ್ನಿಗೆ ನುಗ್ಗಿದೆ. ಮೈಕ್ ಟೆಸ್ಟ್ ಮಾಡುವಾಗ ನಾನು ಎಷ್ಟು ಮಾತಾಡಿದರೂ ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಮೈಕ್ ಹಳೇದಾಗಿದೆ. ಬದಲಾಯಿಸೋಕೆ ಹೇಳಬೇಕು.

ಜೂನ್ 25, ಬುಧವಾರ

ಮೆಟ್ಟಿಲ ಮೇಲೆ ಮಾಮನ ಹೆಂಡತಿ ಇದ್ದಳು. ಹಿಂದಿನ ಮೆಟ್ಟಿಲಿಂದ ಹತ್ತಿದೆ.

ಜೂನ್ 28, ಶನಿವಾರ

ಎಲ್ಲಾ ಹಾಳಾಯ್ತು. ಕ್ಲೀನಿಂಗ್‌ನವಳು ಬೂತ್ ಗುಡಿಸುತ್ತಾ ಫೋನಿನಲ್ಲಿ ಮಾತಾಡಿದಾಳೆ. ವಾಚ್‌ಮನ್ ಜೈಲಲ್ಲಿ ಕೊಳೀತಿದಾನೆ, ತಾಯಿ ಬಾಯಿಗೆ ನೀರು ಬಿಡೋಕೂ ಆಗಲಿಲ್ಲ ಅಂತ. ಅವನು ಅಷ್ಟೂ ಕೇಳಿಸಿಕೊಂಡಿದಾನೆ.

ನಾನು ಹೆಡ್‌ಫೋನ್ ಹಾಕಿಕೊಂಡಾಗ ಮಾತೇ ಇಲ್ಲ. ಹೋಗಿಯೇಬಿಟ್ಟ ಅಂದುಕೊಂಡೆ. ಆಮೇಲೆ ಮೆಲ್ಲಗೆ ಕೇಳಿದ, "ಗೇಟಿನ ಹತ್ತಿರ ಇದಾರೆ ಅಂದ್ಯಲ್ಲ?"

ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ ಅಂದೆ. ಸತ್ತವನಿಗೆ ಏನು ನೋವು ಅಂದ. ಹೊಡೆದದ್ದು ಯಾರು ಅಂತ ನಿನಗೆ ಗೊತ್ತಾ ಅಂದ. ನಾನು ಹೆಡ್‌ಫೋನಿನ ವೈರ್ ಬೆರಳಿಗೆ ಸುತ್ತಿಕೊಂಡೆ.

"ಅಷ್ಟು ಜನ ಹೊರಗಿದ್ರಿ, ಬಾಗಿಲು ತೆಗೆದದ್ದು ಅವರೊಬ್ಬರೇ. ನನ್ನನ್ನ ಇಟ್ಕೊಳ್ಳೋಕೆ ಅವರನ್ನ ಒಳಗೆ ಹಾಕಿದೀಯ ನೀನು."

ನಾನೇನು ಒಳಗೆ ಹಾಕಿದ್ದು? ಹಾಕಿದ್ದು ಪೊಲೀಸರು. ಹೊಡೆದದ್ದು ಇನ್ಯಾರೋ. ನನಗೆ ಈ ವಯಸ್ಸಿನಲ್ಲಿ ಸಿಕ್ಕಿದ್ದು ಇದೊಂದು, ಅದೂ ಸತ್ತ ಮೇಲೆ. ಇದನ್ನೂ ಕೊಟ್ಟುಬಿಡು ಅಂದರೆ ಹೇಗೆ? ಇವನಿಗಾದರೂ ಅರ್ಥ ಆಗಬೇಡವಾ? ಹೆಡ್‌ಫೋನ್ ಎಸೆದು ಬಂದೆ. ಅತ್ತೂ ಅತ್ತೂ ತಲೆ ಸಿಡಿಯುತ್ತಿದೆ.

ಜೂನ್ 29, ಭಾನುವಾರ

ಭಾವ ಮನೆಯಲ್ಲಿರಲಿಲ್ಲ. ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ದೀಪದ ವಿಷಯ ಹೇಳಿದೆ. ಮೊದಲು ಅವಳಿಗೆ ನಾನು ಮಾತಾಡುತ್ತಿರುವುದೇ ಕೇಳಿಸಲಿಲ್ಲ, ತೋಳು ಹಿಡಿದು ಅಲ್ಲಾಡಿಸಿ ಹೇಳಬೇಕಾಯ್ತು. ಏನೋ ಹುಚ್ಚು ಮಾತಾಡ್ತಿದೀಯ ಅಂತಾಳೆ, ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ದಿಂಬಿನ ಕವರು ಮಡಿಸಿ ಮುಗಿಸಿದಳು.

"ಅವತ್ತು ಇವರ ಅಂಗಿ ತೋಳಿಗೆ ರಕ್ತ ಆಗಿತ್ತು. ಮೂಗಿಂದ ಬಂತು ಅಂದ್ರು. ಹೂಂ ಅಂದೆ. ಒಗೆದೆ. ಪೂರ್ತಿ ಹೋಗಲಿಲ್ಲ, ಬೀರುವಿನ ತಳದಲ್ಲಿ ಹಾಗೇ ಇಟ್ಟಿದೀನಿ."

ಇಷ್ಟು ದಿನ ಗೊತ್ತಿದ್ದೂ ಸುಮ್ಮನಿದ್ಯಾ ಅಂತ ಕೇಳಿದೆ.

"ಇವರೂ ಹೋದ್ರೆ ಈ ಮನೇಲಿ ನನ್ನ ಹತ್ರ ಮಾತಾಡೋರು ಯಾರು, ಹೇಳು. ನೀನು ಬರ್ತೀಯ, ಹೋಗ್ತೀಯ, ಇದೀಯೋ ಇಲ್ವೋ ಅಂತಾನೇ ಗೊತ್ತಾಗಲ್ಲ."

ನನಗೆ ಮೈಯೆಲ್ಲ ಉರಿದುಹೋಯ್ತು. ನಾಚಿಕೆ ಆಗಲ್ವಾ ಅಕ್ಕ, ಮನೇಲಿ ಒಂದು ದನಿ ಇರಲಿ ಅಂತ ಇನ್ನೊಬ್ಬರ ಮನೆ ಗಂಡಸನ್ನ ಜೈಲಲ್ಲಿ ಕೊಳೆಸ್ತೀಯಾ, ಅವನ ತಾಯಿ ಸಾಯೋವಾಗ... ಅಲ್ಲಿಗೆ ನನ್ನ ಮಾತು ನಿಂತಿತು. ಅಕ್ಕ ತಲೆ ಎತ್ತಿ ನನ್ನ ಮುಖ ನೋಡುತ್ತಾ ಇದ್ದಳು. ಅವಳಿಗೆ ಗುಡುಗಿನ ವಿಷಯ ಏನೂ ಗೊತ್ತಿಲ್ಲ. ಗೊತ್ತಿರೋದು ನನಗೆ.

ಆಮೇಲೆ ಇಬ್ಬರೂ ಉಳಿದ ಬಟ್ಟೆ ಮಡಿಸಿದೆವು. ಠಾಣೆಗೆ ನಾನು ಬರಲ್ಲ, ಪೊಲೀಸರು ಬಂದು ಕೇಳಿದರೆ ಸುಳ್ಳೂ ಹೇಳಲ್ಲ ಅಂದಳು.

ಜುಲೈ 1, ಮಂಗಳವಾರ

ಬೆಳಿಗ್ಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡೆ. ಗುಂಡಿ ಪೂರ್ತಿ ತಿರುಗಿಸಿದೆ.

ಹೇಳ್ತೀನಿ ಅಂದೆ. ಹೇಳು ಅಂದ. ಹೇಳಿದರೆ ಹೋಗ್ತೀಯಲ್ಲೋ ಅಂದೆ. ಹೋಗ್ತೀನಿ ಅಂದ. ನಿನ್ನ ಜೊತೆ ಹೊರಗೆ ಎಲ್ಲಾದರೂ ಟೀ ಕುಡೀಬೇಕಿತ್ತು ಅಂದೆ. ಬದುಕಿದ್ದಾಗ ಒಂದು ದಿನ ಕರೆದಿದ್ದರೆ ಓಡಿ ಬರುತ್ತಿದ್ದೆ, ಇನ್ನೊಂದ್ಸಲ ಅನ್ನೋದು ಬಿಟ್ಟು ಬೇರೆ ಮಾತೇ ಬರುತ್ತಿರಲಿಲ್ಲ ನಿನಗೆ ಅಂತ ರೇಗಿಸಿದ. ನಕ್ಕೆ. ಅಳುತ್ತಲೇ ನಕ್ಕೆ.

ಆಮೇಲೆ ಹೇಳಿದೆ. ಹೊಡೆದದ್ದು ನಮ್ಮ ಭಾವ. ನೀನು ಕೇಳೋಕೆ ಬಂದದ್ದು ಅವರನ್ನೇ. ಯಾರೂ ಒಳಗೆ ಬರದಿರಲಿ ಅಂತ ದೀಪ ಹಾಕಿದ್ದೂ ಅವರೇ.

"ಹೂಂ," ಅಂದ. "ಪರ್ಫ್ಯೂಮ್ ವಾಸನೆ ಬಂದಿತ್ತು. ಅವರದೇ." ತುಂಬಾ ದೂರದಿಂದ ಬಂದ ಹಾಗಿತ್ತು. "ಮಾಮನ್ನ ಮನೆಗೆ ಕಳಿಸು."

ಅಷ್ಟೇ. ಆಮೇಲೆ ವೈರಿನ ಗುಂಯ್‌ಗುಡುವ ಸದ್ದು ಮಾತ್ರ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ, ಕಿವಿ ನೋಯುವಷ್ಟು ಹೊತ್ತು.

ಅಲ್ಲಿಂದ ಸೀದಾ ಠಾಣೆಗೆ ಹೋದೆ. ದೀಪ, ಬೀಗ, ಜಾಹೀರಾತು, ಅಂಗಿ, ಎಲ್ಲ ಹೇಳಿದೆ. ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟು, ಸ್ವಲ್ಪ ಮೆಲ್ಲಗೆ ಮಾತಾಡಿ, ಪಕ್ಕದ ರೂಮಿಗೆಲ್ಲ ಕೇಳ್ತಿದೆ ಅಂದರು. ಇದನ್ನ ಮೊದಲೇ ಯಾಕೆ ಯಾರೂ ಹೇಳಲಿಲ್ಲ ಅಂತಲೂ ಕೇಳಿದರು. ದೀಪ ಉರಿಯುತ್ತಿದ್ದರೆ ಯಾಕೆ ಅಂತ ಕೇಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ ಸಾರ್ ಅಂದೆ. ಮಿಕ್ಕಿದ್ದನ್ನು ಹೇಳಲಿಲ್ಲ.

ಜುಲೈ 4, ಶುಕ್ರವಾರ

ಭಾವನನ್ನು ಕರೆದುಕೊಂಡು ಹೋದರು. ಬೀರುವಿನಿಂದ ಅಂಗಿ ತೆಗೆದುಕೊಟ್ಟದ್ದು ಅಕ್ಕನೇ. ರಾತ್ರಿ ಊಟಕ್ಕೆ ಮೂರು ತಟ್ಟೆ ಹಾಕಿ, ಒಂದನ್ನು ವಾಪಸ್ ಇಟ್ಟಳು. ಅವಳಿಗೂ ನನಗೂ ಮಾತಿಲ್ಲ. ಆದರೂ ಮೇಲಿನ ಕೋಣೆ ಬಿಟ್ಟು ಕೆಳಗೆ ಅವಳ ಪಕ್ಕದಲ್ಲೇ ಮಲಗುತ್ತಿದ್ದೇನೆ.

ಜುಲೈ 18, ಶುಕ್ರವಾರ

ವಾಚ್‌ಮನ್ ಮಾಮನನ್ನು ಬಿಟ್ಟರು ಅಂತ ಗೊತ್ತಾಗಿ ಇವತ್ತು ಅವರ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಕಿಟಕಿ ಪಕ್ಕದಲ್ಲಿ ಹಾಸಿಗೆ ಸುತ್ತಿಟ್ಟ ಒಂದು ಮಂಚ. ಮಾಮ ಅರ್ಧಕ್ಕರ್ಧ ಇಳಿದುಹೋಗಿದಾರೆ. ನನ್ನನ್ನು ನೋಡಿದ್ದೇ ಎದ್ದು ನಿಂತು ಕೈ ಮುಗಿದರು. ನೀವು ಬಾಯಿ ಬಿಡದೇ ಇದ್ದಿದ್ದರೆ ನಾನು ಅಲ್ಲೇ ಸಾಯುತ್ತಿದ್ದೆ ಅಂದರು. ಸತ್ಯ ಹೇಳೋಕೆ ಎಷ್ಟು ಗುಂಡಿಗೆ ಬೇಕು, ಅದೂ ಸ್ವಂತ ಭಾವನ ಮೇಲೆ, ಅಂತ ಹೆಂಡತಿಗೂ ಹೇಳಿದರು. ಕುರ್ಚಿ ಒರೆಸಿ ನನ್ನನ್ನು ಕೂರಿಸಿದರು. ಟೀಗೆ ಹಾಲು ತರುತ್ತೇನೆ ಅಂತ, ಬೇಡ ಅಂದರೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ಅವಳು ಬಾಗಿಲ ಹತ್ತಿರ ನಿಂತೇ ಇದ್ದಳು. ಗಂಡ ಬೀದಿ ತಿರುವು ದಾಟುವವರೆಗೂ ಕಾದಳು.

"ನಿಮಗೆ ಯಾವತ್ತು ಗೊತ್ತಾಯ್ತು ಮೇಡಂ?"

ಸುಳ್ಳು ನಾಲಿಗೆ ತುದಿಯಲ್ಲೇ ಇತ್ತು. ಮೊನ್ನೆ ಮೊನ್ನೆ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ನಂಬುತ್ತಿದ್ದಳು. ನೀವು ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದಿರಲ್ಲ, ಆವತ್ತು ಮಧ್ಯಾಹ್ನವೇ ಅಂದೆ.

ಅವಳು ಬೈಯಲಿಲ್ಲ. ಸ್ವಲ್ಪ ಹೊತ್ತು ಆ ಮಂಚದ ಕಡೆ ನೋಡಿದಳು.

"ಆಗ ಅತ್ತೆ ಇನ್ನೂ ಮಾತಾಡ್ತಿದ್ರು" ಅಂದಳು.

ಆಮೇಲೆ ಒಲೆಯ ಹತ್ತಿರ ಹೋಗಿ, ನನಗೆ ಬೆನ್ನು ಹಾಕಿ, ಟೀಗೆ ನೀರಿಟ್ಟಳು. ಅವರಿಗೆ ನಾನು ಹೇಳಲ್ಲ, ಕುಡಿದುಕೊಂಡೇ ಹೋಗಿ ಅಂದಳು. ಮಾಮ ಹಾಲು ತಂದರು. ಕುಡಿದು ಬಂದೆ.